ಮಹಿಮೆ ಮಣ್ಣಿನದೋ, ಮನುಷ್ಯನದೋ?

ಇಟಗಿಯ ಮಹಾದೇವ ದೇವಾಲಯವನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡುವ ಶಾಸನ 1112ರದು. ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದೇ ಶತಮಾನದಲ್ಲಿ ಫ್ರಾನ್ಸಿನ ಬರ್ಗಂಡಿಯಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಕ್ಲೋ ದ ವೂಜೋ ಎಂಬ ದ್ರಾಕ್ಷಿತೋಟವನ್ನು ಬೆಳೆಸುತ್ತಿದ್ದರು. ಬರ್ಗಂಡಿಯ ಕೆಂಪು ವೈನಿಗೆ ಇಂದಿಗೂ ಬಹುಪಾಲು ತಳಿ ಒಂದೇ, ಪಿನೋ ನ್ವಾರ್. ಆದರೂ ಅಕ್ಕಪಕ್ಕದ ಎರಡು ತೋಟಗಳ ವೈನಿಗೆ ಬೇರೆ ಬೇರೆ ದರ್ಜೆ, ಬೇರೆ ಹೆಸರು. ರುಚಿ ಆ ಮಣ್ಣಿನದೇ ಎಂಬ ಈ ನಂಬಿಕೆ, ಮಹಿಮೆ ಆ ನೆಲದ್ದೇ ಎನ್ನುವ ನಮ್ಮ ಸ್ಥಳಪುರಾಣಗಳ ನಂಬಿಕೆಗೆ ತೀರ ಹತ್ತಿರದ್ದು. ಎರಡರಲ್ಲೂ ಸತ್ಯವಿದೆ. ಆದರೆ ಆ ಸತ್ಯ ಮಣ್ಣಿನೊಳಗೆ ಮೊದಲೇ ಹುದುಗಿರುವುದಿಲ್ಲ. ಜನರು ಅಲ್ಲಿ ಬಿಡದೆ ಮಾಡಿಕೊಂಡು ಬಂದ ಕೆಲಸದಿಂದ ಅದು ಹುಟ್ಟುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಕರ್ನಾಟಕದ ದ್ರಾಕ್ಷಿಯೇ ಸಾಕ್ಷಿ. ಚಳಿ ದೇಶದಲ್ಲಿ ಬಳ್ಳಿ ಹಿಮಗಾಲವಿಡೀ ನಿದ್ರಿಸಿ, ವಸಂತದಲ್ಲಿ ತಾನೇ ಚಿಗುರುತ್ತದೆ. ನಮ್ಮ ಬಿಸಿಲಿನಲ್ಲಿ ಅದಕ್ಕೆ ಆ ನಿದ್ರೆಯಿಲ್ಲ. ಹಾಗಾಗಿ ವಿಜಯಪುರ, ಬಾಗಲಕೋಟೆ ಕಡೆಯ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕಡ್ಡಿ ಸವರುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿಕ್ಕೆ, ಅಕ್ಟೋಬರ್ ಚಾಟ್ನಿ ಕಾಯಿ ಕಟ್ಟಲಿಕ್ಕೆ. ಮಳೆ ಹಿಂದೆ ಸರಿದು ಒಣಹವೆ ಬಂದ ಮೇಲೆ ಹಣ್ಣು ಮಾಗುವಂತೆ ಕಾಲವನ್ನೇ ಇಲ್ಲಿ ಕತ್ತರಿಯಿಂದ ತಿದ್ದಲಾಗುತ್ತದೆ. ನಂದಿ ಬೆಟ್ಟದ ಸುತ್ತ ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್ ಮಾಗುವುದೂ, ಇಟಗಿ ಇರುವ ಕೊಪ್ಪಳ ಜಿಲ್ಲೆಯಲ್ಲೇ ಬೆಳೆದ ಕ್ಯಾಬರ್ನೆ ‘ಹಂಪಿ ಹಿಲ್ಸ್’ ಎಂಬ ಹೆಸರು ಹೊತ್ತು ಹೊರಬರುವುದೂ ಇಂಥ ಆರೈಕೆಯಿಂದಲೇ. ಬೆಂಗಳೂರು ಬ್ಲೂ ತಳಿಯ ಕಥೆ ಇನ್ನೂ ಸ್ಪಷ್ಟ. ಅದರ ವಂಶಮೂಲ ಅಮೆರಿಕದ ಲ್ಯಾಬ್ರುಸ್ಕಾ ಬಳ್ಳಿ. ಆದರೂ ಇಂದು ಅದು ಬೆಂಗಳೂರು ಸೀಮೆಯದೆಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದೆ. ಹೊರಗಿನಿಂದ ಬಂದ ಬೇರನ್ನು ಈ ನೆಲದ್ದನ್ನಾಗಿ ಮಾಡಿದ್ದು ತಲೆಮಾರುಗಳ ಬೇಸಾಯ.

ಹಾಗಾದರೆ ಮಣ್ಣಿಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ, ಮತ್ತು ಅದು ಚಿಕ್ಕದಲ್ಲ. ನೀರು ಬಸಿದುಹೋಗುವ ಕೆಂಪು ನೆಲದಲ್ಲಿ ಕಾಳು ಸಣ್ಣದಾಗಿ ರಸ ಗಾಢವಾಗುತ್ತದೆ. ನೀರು ನಿಲ್ಲುವ ಎರೆಯಲ್ಲಿ ಬಳ್ಳಿ ಸೊಕ್ಕುತ್ತದೆ. ರಾತ್ರಿ ತಂಪಾಗದಿದ್ದರೆ ಹಣ್ಣಿನ ಹುಳಿ ಬೇಗ ಇಳಿಯುತ್ತದೆ. ಆ ಕೊರತೆಯನ್ನು ಯಾವ ಕೌಶಲವೂ ಪೂರ್ತಿ ತುಂಬಿಕೊಡಲಾರದು. ಇಟಗಿಯಲ್ಲೂ ಹೀಗೆಯೇ. ಬಾದಾಮಿಯ ಮರಳುಗಲ್ಲಿನಲ್ಲಿ ಬಿಡಿಸಲಾಗದ ಸೂಕ್ಷ್ಮ ಕುಸುರಿಗೆ ಅಲ್ಲಿನ ಬಳಪದ ಕಲ್ಲು ಎಡೆಕೊಟ್ಟಿತು. ಆದರೆ ಎಡೆಕೊಡುವುದೇ ಬೇರೆ, ಮಾಡುವುದೇ ಬೇರೆ. ಆ ಕಲ್ಲು ಕೋಟ್ಯಂತರ ವರ್ಷ ನೆಲದಲ್ಲಿದ್ದರೂ ತಾನಾಗಿ ಒಂದು ಕಂಬವಾಗಲಿಲ್ಲ.

ದೇಗುಲದ ಪಕ್ಕದಲ್ಲಿ ಮದ್ಯವನ್ನು ತಂದಿಡುವುದೇ ತಪ್ಪು ಎಂಬ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಕೊಪ್ಪಳದಲ್ಲಿ ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಇದು ಜೈನರ ಮಹಾತೀರ್ಥ ಕೊಪಣ, ಸಲ್ಲೇಖನ ವ್ರತ ಹಿಡಿದವರ ನೆಲ. ಮದ್ಯ, ಮಾಂಸ, ಮಧುಗಳನ್ನು ಬಿಡುವುದು ಜೈನ ಶ್ರಾವಕನ ಮೂಲ ನಿಯಮ. ಆದರೆ ಆ ಧರ್ಮ ಮದ್ಯವನ್ನು ದೂರುವ ಬಗೆಯನ್ನು ಗಮನಿಸಬೇಕು. ಹುಳಿಯುವಿಕೆಯಲ್ಲಿ ನಾಶವಾಗುವ ಸೂಕ್ಷ್ಮಜೀವಗಳು, ಕುಡಿದವನ ಎಚ್ಚರ ತಪ್ಪಿಸುವ ಪ್ರಮಾದ, ಇವೇ ಅಲ್ಲಿನ ದೋಷಗಳು. ದ್ರಾಕ್ಷಿಯ ಮೇಲಾಗಲಿ, ಅದು ಬೆಳೆದ ಹೊಲದ ಮೇಲಾಗಲಿ ಆರೋಪವಿಲ್ಲ. ದ್ರಾಕ್ಷಿ ವಿಜಯಪುರದ ಶೆಡ್‌ಗಳಲ್ಲಿ ಒಣಗಿ ಮನೂಕವಾಗಿ ನೈವೇದ್ಯಕ್ಕೂ ಹೋಗುತ್ತದೆ, ಪೀಪಾಯಿ ಸೇರಿ ವೈನೂ ಆಗುತ್ತದೆ. ಪುಣ್ಯಪಾಪಗಳ ಕವಲು ಒಡೆಯುವುದು ಗೊನೆ ಕೊಯ್ದ ನಂತರ. ಜೈನ ನಿಷೇಧವನ್ನು ನಾನು ಗೌರವದಿಂದ ಒಪ್ಪುತ್ತೇನೆ. ಅದು ನನ್ನ ವಾದವನ್ನು ಬಲಪಡಿಸುತ್ತದೆ. ಕೊಪಣ ಪವಿತ್ರವಾದದ್ದೂ ಅಲ್ಲಿನ ಬಂಡೆಗಳಿಂದಲ್ಲ. ಆ ಬಂಡೆಗಳ ಮೇಲೆ ಅನ್ನನೀರು ತೊರೆದು ಕುಳಿತವರ ನಿರ್ಧಾರದಿಂದ. ಗುಣ ನೆಲದಲ್ಲೇ ಇದ್ದಿದ್ದರೆ ಅವರ ವ್ರತಕ್ಕೆ ಅರ್ಥವಿರುತ್ತಿರಲಿಲ್ಲ, ಅಲ್ಲಿ ಹುಟ್ಟಿದ ಮಾತ್ರಕ್ಕೆ ಎಲ್ಲರೂ ಮುಕ್ತರಾಗುತ್ತಿದ್ದರು.