ನೆರೆಗೆ ಮುನ್ನ ಮನೆ ಬಿಡುವುದು ಭರವಸೆಗೆ ವಿರುದ್ಧವೇ?

ಕೃಷ್ಣೆಯ ನೆರೆಗೆ ಒಂದು ವಿಚಿತ್ರ ಗುಣವಿದೆ. ಅದು ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲೂಕುಗಳಿಗೆ ಬರುವಾಗ ಇಲ್ಲಿ ಮಳೆ ಇರಲೇಬೇಕೆಂದಿಲ್ಲ. ಮಳೆ ಸುರಿಯುವುದು ದೂರದ ಮಹಾಬಳೇಶ್ವರದಲ್ಲಿ, ಕೊಯ್ನಾ ಕಣಿವೆಯಲ್ಲಿ. ಅಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಹತ್ತರಲ್ಲೊಂದು ಪಾಲು ಬಿದ್ದರೂ ನಮ್ಮ ಸೀಮೆಯ ರೈತ ಅಲ್ಲಾಹನನ್ನು ಸ್ತುತಿಸುತ್ತಾನೆ. ಕೊಯ್ನಾ ಜಲಾಶಯದಲ್ಲಿ 105 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅದು ತುಂಬಿ ಗೇಟು ತೆರೆದರೆ ಆ ನೀರು ಕರಾಡ, ಸಾಂಗ್ಲಿ ದಾಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು, ರಾಜಾಪುರ ಬ್ಯಾರೇಜನ್ನು ಹಾಯ್ದು ನಮ್ಮ ಗಡಿಗೆ ಬರಲು ಒಂದು ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಗಡಿಯೊಳಗೆ ಬಂದ ಮೇಲೆ ದೂಧಗಂಗೆಯೂ ಸೇರುತ್ತದೆ.

ಹೀಗಾಗಿ ಆಕಾಶ ತಿಳಿಯಾಗಿರುವಾಗಲೇ ಪಂಚಾಯಿತಿಯವರು ಧ್ವನಿವರ್ಧಕ ಹಿಡಿದು ಬಂದು, ಸಂಜೆಯೊಳಗೆ ಊರು ಬಿಡಿರಿ ಎನ್ನುತ್ತಾರೆ. ಜಗಲಿಯ ಮೇಲೆ ಬಿಸಿಲು ಕಾಯುತ್ತ ಕುಳಿತ ಹಿರಿಯರು ತಲೆ ಎತ್ತಿ ನೋಡುತ್ತಾರೆ. ಮೋಡವಿಲ್ಲ. ಆಗ ಒಂದು ಮಾತು ಹೊರಡುತ್ತದೆ: ಅಲ್ಲಾಹನು ಬರೆದದ್ದು ಆಗಿಯೇ ತೀರುತ್ತದೆ, ನಾವೇಕೆ ಓಡಬೇಕು? 2005ರಲ್ಲಿ, 2019ರಲ್ಲಿ, 2021ರಲ್ಲಿ ಹೊಳೆಸಾಲಿನ ಊರುಗಳಲ್ಲಿ ಈ ಮಾತು ಕೇಳಿಬಂದಿದೆ. ಮುಸ್ಲಿಮರು ಮಾತ್ರ ಆಡಿದ್ದಲ್ಲ. ಎಲ್ಲರೂ ತಮ್ಮ ತಮ್ಮ ದೇವರ ಹೆಸರಿನಲ್ಲಿ ಆಡಿದ್ದಾರೆ.

ವಿಶ್ವಾಸದ ದೃಷ್ಟಿಯಿಂದ ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಒಂಟೆಯನ್ನು ಮೊದಲು ಕಟ್ಟಿ ಅನಂತರ ಭರವಸೆ ಇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಮಕ್ಕಳೂ ಬಲ್ಲರು. ಶಾಮ್ ದೇಶದಲ್ಲಿ ಪ್ಲೇಗ್ ಹಬ್ಬಿದಾಗ ಹಝ್ರತ್ ಉಮರ್‌(ರ) ಸರ್ಗ್ ಎಂಬಲ್ಲಿಂದಲೇ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ಹೌದು, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂಬ ಅರ್ಥದ ಉತ್ತರ ಕೊಟ್ಟರು. ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು ಇದ್ದರೆ, ಹಸಿರಿನಲ್ಲಿ ಮೇಯಿಸಿದರೂ ಬರಡಿನಲ್ಲಿ ಮೇಯಿಸಿದರೂ ಅದು ವಿಧಿಯೇ ಎಂದು ಹೋಲಿಸಿ ತೋರಿಸಿದರು. ಕುರಿ ಕಾಯುವವನಿಗೂ ತಿಳಿಯುವ ತರ್ಕ.

ಆದರೆ ಇಷ್ಟು ಹೇಳಿ ಲೇಖನಿ ಕೆಳಗಿಟ್ಟರೆ ನಾವು ಪ್ರಾಮಾಣಿಕರಾಗುವುದಿಲ್ಲ. ಮನೆ ಬಿಡಲೊಲ್ಲದವನ ಬಾಯಲ್ಲಿ ವಿಧಿಯಿದ್ದರೂ ಮನಸ್ಸಿನಲ್ಲಿ ಇರುವುದು ಬಹುತೇಕ ಎಮ್ಮೆ. ಹಾಲು ಕರೆಯುವ ಎರಡು ಎಮ್ಮೆ ಇರುವ ಕುಟುಂಬಕ್ಕೆ ಅವೇ ಬ್ಯಾಂಕು, ಅವೇ ಮಗಳ ಮದುವೆ. ಟ್ರ್ಯಾಕ್ಟರಿನಲ್ಲಿ ಜನರಿಗೆ ಜಾಗವಿದೆ, ಎಮ್ಮೆಗಿಲ್ಲ. ಅತ್ತ ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿರುತ್ತಾರೆ. ಎರಡು ಕಕ್ಕಸಿಗೆ ನೂರಾರು ಜನ. ಮೊದಲು ಇವನ್ನು ಗಂಜಿ ಕೇಂದ್ರ ಎನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರು ಸುಧಾರಿಸಿದ್ದು ಒಳ್ಳೆಯದೇ. ದುಡಿದು ತಿಂದು ಬಾಳಿದ ಮನುಷ್ಯನಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ನೀರಿಗಿಂತ ಭಯಂಕರವಾಗಿ ಕಾಣುತ್ತದೆ. ಇವನನ್ನು ಮೂಢನೆಂದು ಕರೆಯುವವರು ಒಮ್ಮೆ ಆ ಸಾಲಿನಲ್ಲಿ ನಿಂತು ನೋಡಲಿ.

ಹಾಗಿದ್ದರೂ, ಓದುಗ ಬಂಧುಗಳೇ, ಉಳಿಯುವ ನಿರ್ಧಾರ ಅವನೊಬ್ಬನದೇ ಅಲ್ಲ. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ, ಸುತ್ತಲೂ ನೀರು ಏರಿದ ಮೇಲೆ ಜನರನ್ನು ಹೊರತರುತ್ತಿದ್ದ ದೋಣಿ ಮಗುಚಿತು. ಹಿಡಿಯುವುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಹೆಂಗಸರು, ಮಕ್ಕಳು ಸೇರಿ ಹಲವರು ಮುಳುಗಿದರು. ಅಲ್ಲಿ ಯಾರ ತಪ್ಪು ಎಷ್ಟು ಎಂದು ಇಲ್ಲಿ ಕುಳಿತು ತೂಗುವುದು ನಮ್ಮ ಕೆಲಸವಲ್ಲ. ನೀರು ಬರುವ ಮೊದಲು ಕಾಲ್ನಡಿಗೆಯಲ್ಲಿ ಹೋಗಬಹುದಾದ ದಾರಿಯನ್ನು ನೀರು ಬಂದ ಮೇಲೆ ದೋಣಿಯೇ ದಾಟಿಸಬೇಕು, ದೋಣಿಗೆ ನಡೆಸುವವನು ಬೇಕು, ಅವನಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ಹಡಗಿನ ಕೆಳ ಅಂತಸ್ತಿನವರು ತಮ್ಮ ಪಾಲಿನ ಜಾಗದಲ್ಲಿ ತೂತು ಕೊರೆಯಲು ಹೊರಟರೆ, ಮೇಲಿನವರು ತಡೆಯದಿದ್ದಲ್ಲಿ ಎಲ್ಲರೂ ಮುಳುಗುತ್ತಾರೆಂಬ ಪ್ರವಾದಿ(ಸ) ಉಪಮೆಯನ್ನು ನೆನೆಯಿರಿ. ನನ್ನ ಜಾಗ, ನನ್ನ ಜೀವ, ನನ್ನ ಇಷ್ಟ ಎಂಬ ಮಾತು ಆ ಹಡಗಿನಲ್ಲಿ ನಡೆಯುವುದಿಲ್ಲ.

ಮನೆಯ ಯಜಮಾನನು ಉಳಿದರೆ ಅವನ ಹೆಂಡತಿಯೂ ಉಳಿಯುತ್ತಾಳೆ. ಇದು ಕೆಲವು ಓದುಗರಿಗೆ ಕಹಿಯೆನಿಸಬಹುದು, ಆದರೂ ಹೇಳಲೇಬೇಕು. ಬಾಂಗ್ಲಾದೇಶದ ಕರಾವಳಿಯಲ್ಲಿ 1991ರ ಏಪ್ರಿಲ್‌ನಲ್ಲಿ ಚಂಡಮಾರುತ ಬಂದು ಸುಮಾರು 1 ಲಕ್ಷ 38 ಸಾವಿರ ಜನ ಸತ್ತರು. ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು. ಮುನ್ನೆಚ್ಚರಿಕೆ ತಲುಪಿದ ಮನೆಗಳಲ್ಲಿಯೂ ಎಷ್ಟೋ ಹೆಂಗಸರು ಗಂಡ ಬರಲಿ, ಅವನು ಹೇಳಲಿ ಎಂದು ಕಾದರು. ಪರಪುರುಷರು ತುಂಬಿದ ಆಶ್ರಯ ಕಟ್ಟಡಕ್ಕೆ ಹೋಗಲು ಸಂಕೋಚಪಟ್ಟರು. ಲಜ್ಜೆ ವಿಶ್ವಾಸದ ಭಾಗ, ನಿಜ. ಆದರೆ ಜೀವ ಉಳಿಸಿಕೊಳ್ಳಲು ನಿಷಿದ್ಧ ಆಹಾರವನ್ನೂ ತಿನ್ನಲು ಅನುಮತಿಸಿದ ಧರ್ಮವು, ನೀರು ಏರುವಾಗ ಒಬ್ಬ ಹೆಣ್ಣುಮಗಳು ಹೊಸ್ತಿಲಲ್ಲಿ ಅನುಮತಿಗಾಗಿ ಕಾಯಬೇಕೆಂದು ಬಯಸುವುದೇ? ಆ ಮಾತನ್ನು ಮಳೆಗಾಲಕ್ಕೆ ಮುನ್ನವೇ ಮನೆಯಲ್ಲಿ ಆಡಿ ಮುಗಿಸಬೇಕು: ನಾನು ಇರಲಿ, ಇಲ್ಲದಿರಲಿ, ಕರೆ ಬಂದೊಡನೆ ಮಕ್ಕಳನ್ನು ಕರೆದುಕೊಂಡು ಹೊರಡು ಎಂದು. ಕೇಂದ್ರದಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಕಕ್ಕಸು ಕೇಳುವುದು ಊರ ಗಂಡಸರ ಹೊಣೆ.

ಅದೇ ದೇಶದಲ್ಲಿ 1970ರ ಚಂಡಮಾರುತ ಮೂರು ಲಕ್ಷಕ್ಕೂ ಹೆಚ್ಚು ಜೀವ ತೆಗೆದಿತ್ತು. 2020ರ ಮೇ ತಿಂಗಳಲ್ಲಿ ಅಂಫಾನ್ ಬಂದಾಗ 20 ಲಕ್ಷಕ್ಕೂ ಮಿಕ್ಕಿ ಜನರನ್ನು ಮೊದಲೇ ಸಾಗಿಸಿದರು. ಸತ್ತವರು ಕೆಲವು ಹತ್ತುಗಳು ಮಾತ್ರ. ಸಮುದ್ರ ಬದಲಾಗಿರಲಿಲ್ಲ. ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರಿದ್ದರು, ಮಸೀದಿಯ ಮೈಕುಗಳಿಂದಲೂ ಕರೆ ಹೋಗುತ್ತಿತ್ತು. ದನಕರುಗಳಿಗೆಂದೇ ಎತ್ತರದ ಮಣ್ಣಿನ ದಿಬ್ಬಗಳನ್ನು ಅಲ್ಲಿ 1970ರ ದಶಕದಿಂದಲೂ ಕಟ್ಟುತ್ತ ಬಂದಿದ್ದಾರೆ. ನಮ್ಮ ಎಮ್ಮೆಯ ಪ್ರಶ್ನೆಯನ್ನು ಅವರು ಎಂದೋ ಕೇಳಿಕೊಂಡಿದ್ದರು.

ಇನ್ನೊಂದು ಅಡ್ಡಿಯಿದೆ. ಕಳೆದ ಸಲ ಬಿಡಿ ಬಿಡಿ ಎಂದರು, ಬಿಟ್ಟೆವು, ನೀರು ಊರ ಅಂಚಿನವರೆಗೆ ಬಂದು ತಿರುಗಿಹೋಯಿತು. ನಾಲ್ಕು ದಿನದ ಕೂಲಿ ಹೋಯಿತು ಎಂದು ದೂರುವವರು. ಇದು ಸುಳ್ಳು ದೂರಲ್ಲ. ಘಟ್ಟದ ಮೇಲೆ ನಾಳೆ ಎಷ್ಟು ಸುರಿಯುತ್ತದೆ, ಯಾವ ಗೇಟು ಎಷ್ಟು ಏರುತ್ತದೆ, ಕೆಳಗೆ ಆಲಮಟ್ಟಿಯಿಂದ ಎಷ್ಟು ಬಿಡುತ್ತಾರೆ ಎಂಬುದರ ಮೇಲೆ ನೀರಿನ ಮಟ್ಟ ನಿಲ್ಲುತ್ತದೆ. ಅಳೆಯುವವನು ಗೇಣು ಮೊಳದಲ್ಲಿ ಭವಿಷ್ಯ ಹೇಳಲಾರ. ಆದರೆ ಬಾರದ ನೆರೆಯು ಮುನ್ನೆಚ್ಚರಿಕೆಯನ್ನು ಸುಳ್ಳಾಗಿಸುತ್ತದೆಯೇ? ಯೂನುಸ್‌(ಅ)ರ ಜನಾಂಗಕ್ಕೆ ಎಚ್ಚರಿಕೆ ಬಂತು, ಅವರು ಎಚ್ಚೆತ್ತರು, ಬರಬೇಕಾಗಿದ್ದುದು ಸರಿದುಹೋಯಿತು. ಬಾರದೆ ಹೋದುದರಿಂದ ಆ ಎಚ್ಚರಿಕೆ ಸುಳ್ಳಾಗಿತ್ತೆಂದು ಯಾವ ವಿಶ್ವಾಸಿಯೂ ಹೇಳುವುದಿಲ್ಲ. (ಹೋಲಿಕೆ ಇಷ್ಟಕ್ಕೇ ನಿಲ್ಲಲಿ. ಹೊಳೆಸಾಲಿನವರ ಪಾಪದಿಂದ ನೆರೆ ಬಂತು ಎಂದು ದಿಬ್ಬದ ಮೇಲೆ ನಿಂತು ತೀರ್ಪು ಕೊಡುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಆ ಅಧಿಕಾರ ಕೊಟ್ಟವರಾರೋ!) ಹೋದ ನಾಲ್ಕು ದಿನದ ಕೂಲಿಯನ್ನು ಸರಕಾರ ತುಂಬಿಕೊಡಬೇಕು ಎಂದು ವಾದಿಸೋಣ, ಅದು ನ್ಯಾಯ. ಆ ಕೂಲಿಗಾಗಿ ಮುಂದಿನ ಕರೆಗೆ ಕಿವುಡರಾಗುವುದು ಬೇರೆ.

ಕನ್ನಡ ಬಿ.ಎ. ಓದುವಾಗ ಒಂದು ಶಬ್ದ ನನ್ನನ್ನು ಬಹಳ ಕಾಡಿತ್ತು. ನೆರೆ ಎಂದರೆ ಪ್ರವಾಹ. ನೆರೆ ಎಂದರೆ ಪಕ್ಕದ ಮನೆಯವನೂ ಹೌದು. ಪಂಡಿತರು ಎರಡಕ್ಕೂ ಬೇರೆ ಬೇರೆ ಮೂಲ ತೋರಿಸಬಹುದು. ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲ್‌(ಅ) ಎಷ್ಟು ಒತ್ತಿ ಹೇಳಿದರೆಂದರೆ, ಅವನನ್ನು ಆಸ್ತಿಗೆ ವಾರಸುದಾರನನ್ನಾಗಿಯೂ ಮಾಡಿಬಿಡುವರೇನೋ ಎಂದು ಪ್ರವಾದಿ(ಸ)ರಿಗೆ ಅನಿಸಿತಂತೆ. ನಮ್ಮ ಕೊಕಟನೂರು ಹೊಳೆಸಾಲಿನಲ್ಲಿಲ್ಲ. ಅಥಣಿಯ ಪೂರ್ವಕ್ಕಿರುವ ಒಣಸೀಮೆ ಇದು; ಇಲ್ಲಿ ಜನ ಹೆದರುವುದು ಬರಕ್ಕೆ. ಮನೆ ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ಸಪ್ತಸಾಗರ, ದರೂರ, ಜುಗೂಳ, ಮಾಂಜರಿ, ಕುಡಚಿಯವರದು, ನಮ್ಮದಲ್ಲ ಎಂದು ನಾವು ತಿಳಿದಿದ್ದೇವೆ. ಆದರೆ ಬಿಟ್ಟು ಬರುವವನು ಎಲ್ಲಿಗೆ ಬರಬೇಕು? ಎತ್ತರದ ಊರಿನವರು ಬಾಗಿಲು ಮುಚ್ಚಿಕೊಂಡು, ಹೊಳೆಸಾಲಿನವನಿಗೆ ತವಕ್ಕುಲ್‌ನ ಅರ್ಥ ಬೋಧಿಸುವುದು ಸುಲಭದ ಪುಣ್ಯ.

2021ರಲ್ಲಿ ಬಕ್ರೀದ್ ಜುಲೈ 21ಕ್ಕೆ ಬಂದಿತ್ತು. ಹಬ್ಬ ಮುಗಿದು ಎರಡು ಮೂರು ದಿನದಲ್ಲಿ ಹೊಳೆ ದಂಡೆ ಮೀರಿತು. ಆಗ ಮೇವು ಹುಡುಕಲು ಹೊರಟರೆ ಎಲ್ಲಿ ಸಿಗಬೇಕು? ನಮ್ಮಲ್ಲಿ ಹಿಂಗಾರಿ ಜೋಳದ ರಾಶಿ ಮುಗಿದು ಕಣಿಕೆಯ ಬಣವಿ ಒಟ್ಟುವುದು ಬೇಸಿಗೆಯಲ್ಲಿ. ಬರದ ವರ್ಷ ಇದೇ ಒಣಸೀಮೆಯವರು ಹೊಳೆಸಾಲಿನಿಂದ ಕಬ್ಬಿನ ವಾಡೆ ತಂದು ದನ ಉಳಿಸಿಕೊಂಡದ್ದಿದೆ. ಮೇ ತಿಂಗಳಲ್ಲಿ ಮನೆಗೆ ಹತ್ತು ಸಿವುಡಿನಂತೆ ಬೇರೆ ಒಟ್ಟಿ, ತಾಡಪತ್ರಿ ಹೊದಿಸಿ, ಯಾರ ಹೊಲದ ಅಂಚಿನಲ್ಲಿ ಎಮ್ಮೆ ಕಟ್ಟಬಹುದೆಂದು ಹೊಳೆಸಾಲಿನ ಬೀಗರಿಗೆ, ಪರಿಚಯದವರಿಗೆ ಮೊದಲೇ ಹೇಳಿ ಕಳಿಸಬಹುದು. ಜುಮಾ ಮುಗಿದ ಮೇಲೆ ಕಾಲು ಗಂಟೆ ಕುಳಿತರೆ ಸಾಕು. ಯಾರ ಹೊಲ, ಯಾರ ಟ್ರ್ಯಾಕ್ಟರು ಎಂಬುದು ಅಲ್ಲೇ ಗೊತ್ತಾಗುತ್ತದೆ.