ಹೇಳಿದವರನ್ನು ಬೈಯಬೇಡಿರಿ



ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನಮ್ಮ ಇಜೇರಿ ಊರಿನ ತಾಯಂದಿರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಅವರ ಹೆಂಡತಿ ಲಕ್ಕಮ್ಮ ತಾಯಿ ಅದನ್ನು ಸುಮ್ಮನೆ ಒಲೆಯ ಮೇಲೆ ಇಡಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ತಂದ ತಪ್ಪನ್ನು ಗಂಡನಿಗೆ ನೇರವಾಗಿ ಹೇಳಿ, ಮರಳಿ ಸುರಿದು ಬರಲು ಕಳಿಸಿದರು. ಲಕ್ಕಮ್ಮನ ಧೈರ್ಯವನ್ನು ನಾವು ಹಾಡಿ ಹೊಗಳುತ್ತೇವೆ. ಸಿಟ್ಟಾಗದೆ ಕೇಳಿಸಿಕೊಂಡು ಹಿಂದಿರುಗಿದ ಮಾರಯ್ಯನವರದೂ ಅಷ್ಟೇ ದೊಡ್ಡ ಗುಣ.

ಹೇಳುವ ಆ ಧೈರ್ಯ, ಕೇಳುವ ಆ ಗುಣ ಕೆಲಸದ ಜಾಗದಲ್ಲೂ ಬೇಕು. ನಮ್ಮ ಮಕ್ಕಳು ಕಟ್ಟಡದ ಕೆಲಸಕ್ಕೆಂದು ಬೆಂಗಳೂರು, ಪುಣೆ, ಮುಂಬೈಗೆ ಹೋಗುತ್ತಾರೆ. ಅಟ್ಟಣಿಗೆಯ ಹಲಗೆ ಜಾರುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ದೇವರು ಕಾಯ್ದ ಎಂದು ಕೈಮುಗಿದು ಸುಮ್ಮನಾಗುತ್ತಾರೆ. ಹೇಳಿದರೆ ಗುತ್ತೇದಾರ ಬೈದಾನು, ಪಗಾರ ಹಿಡಿದಾನು ಎಂಬ ಅಂಜಿಕೆ. ಮರುದಿನ ಅದೇ ಹಲಗೆಯ ಮೇಲೆ ಇನ್ನೊಬ್ಬ ತಾಯಿಯ ಮಗ ಕಾಲಿಡುತ್ತಾನೆ. ಕಾರ್ಖಾನೆಗಳಲ್ಲಿ ಹೀಗೆ ಸುಮ್ಮನಾಗಬಾರದೆಂದು 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಒಂದು ಕಲಮು ಸೇರಿಸಿದರು: ಗೊತ್ತುಪಡಿಸಿದ ಅಪಾಯದ ಘಟನೆಗಳನ್ನು, ಯಾರಿಗೂ ಗಾಯವಾಗದಿದ್ದರೂ, ಸರ್ಕಾರಕ್ಕೆ ತಿಳಿಸಬೇಕು ಎಂದು ಅದು ಹೇಳಿತು. ನನಗೆ ಇದು ಬಹಳ ಕರುಣೆಯ ಮಾತಾಗಿ ಕಾಣುತ್ತದೆ.

ಕರುಣೆಗೆ ಕಲಿಕೆಯೂ ಬೇಕು. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣೆ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಇಳಿದ ಕೂಲಿಕಾರನೊಬ್ಬ ವಿಷಗಾಳಿಗೆ ಸಿಕ್ಕಿ ಬಿದ್ದ. ಅವನನ್ನು ಎತ್ತಲು ಹೋದ ಜೊತೆಗಾರರೂ ಬಿದ್ದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐದು ಜೀವ ಹೋದವು. ಎತ್ತಲು ಹೋದವರ ದಯೆಯಲ್ಲಿ ಏನು ಕೊರತೆ ಇತ್ತು? ಗಾಳಿ ಪರೀಕ್ಷಿಸದೆ, ಸೊಂಟಕ್ಕೆ ಹಗ್ಗ ಬಿಗಿಯದೆ, ಉಸಿರಾಟದ ಸಾಧನವಿಲ್ಲದೆ ಅಂಥ ತೊಟ್ಟಿಗೆ ಯಾರೂ ಇಳಿಯಬಾರದು, ಎತ್ತಲು ಹೋಗುವವರೂ ಇಳಿಯಬಾರದು. ಇದನ್ನು ದುಡಿಯುವವರ ಭಾಷೆಯಲ್ಲೇ, ಕೈಯಿಂದ ಮಾಡಿಸಿ ಕಲಿಸಬೇಕು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುವುದು ತರಬೇತಿಯಲ್ಲ.

ನಮ್ಮ ಹೊಲವೂ ಕೆಲಸದ ಜಾಗವೇ. ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆಯುವಾಗ ತಲೆ ಸುತ್ತಿದರೆ, ತೊಗರಿ ರಾಶಿ ಮಷಿನಿನ ಬೆಲ್ಟಿಗೆ ಸೆರಗು ತಾಗಿ ಹೇಗೋ ಪಾರಾದರೆ, ಅದೇ ದಿನ ಹೇಳಿರಿ: ಎಲ್ಲಿ, ಯಾವ ಹೊತ್ತಿಗೆ, ಯಾವುದು ಕೆಟ್ಟಿತ್ತು. ಬರೆಯಲು ಬಾರದಿದ್ದರೆ ಸಾಲಿಗೆ ಹೋಗುವ ಮಗಳಿಂದ ಬರೆಸಿರಿ. ಗೌಡರೇ, ಮೇಸ್ತ್ರಿಗಳೇ, ಕೂಲಿಗೆ ಬಂದ ತಾಯಿ ‘ಯಪ್ಪಾ, ಬೆಲ್ಟಿನ ಮ್ಯಾಲ ಮುಚ್ಚಳ ಇಲ್ಲ’ ಎಂದಾಗ ‘ನಿನಗ್ಯಾಕ ಬೇಕು’ ಎನ್ನಬೇಡಿರಿ. ಮಷಿನು ನಿಲ್ಲಿಸಿರಿ. ಮುಚ್ಚಳ ಹಾಕಿಸಿ, ಆಕೆಯನ್ನೇ ಕರೆದು ತೋರಿಸಿರಿ. ನಿಂತ ಹೊತ್ತಿನ ಕೂಲಿಯನ್ನು ಮುರಿಯದೆ ಪೂರ್ತಿ ಕೊಡಿರಿ.