ಒಗಟಿನ ನುಡಿಯೂ ಅರ್ಥದ ಹೊಣೆಯೂ

ಬರಲಿರುವುದನ್ನು ಮೊದಲೇ ತಿಳಿಯಬೇಕೆಂಬ ಹಂಬಲ ಮನುಷ್ಯನಷ್ಟೇ ಹಳೆಯದು. ಆದರೆ ಭವಿಷ್ಯವನ್ನು ನುಡಿಯುವ ಮಾತು ಬಹುತೇಕ ಎಲ್ಲ ದೇಶಗಳಲ್ಲಿಯೂ ಒಗಟಿನ ರೂಪವನ್ನೇ ತಾಳಿ ಬಂದಿದೆ. ನುಡಿದವನು ಒಂದನ್ನು ನುಡಿಯುತ್ತಾನೆ; ಕೇಳಿದವರು ಹತ್ತು ಬಗೆಯಾಗಿ ತಿಳಿಯುತ್ತಾರೆ. ಕಾಲ ಸಂದ ಮೇಲೆ ಹತ್ತರಲ್ಲಿ ಒಂದು ಸರಿಹೊಂದಿದರೆ ನುಡಿ ನಿಜವಾಯಿತೆಂದು ಕೈಮುಗಿಯುತ್ತಾರೆ. ಉಳಿದ ಒಂಬತ್ತನ್ನು ಮರೆತುಬಿಡುತ್ತಾರೆ. ಹಾಗಾದರೆ ಒಗಟಿನ ನುಡಿಯ ಅರ್ಥ ಯಾರದು? ನುಡಿದವನದೋ, ಅರ್ಥ ಹೇಳಿದವನದೋ? ಆ ಅರ್ಥವನ್ನು ನಂಬಿ ನಡೆದುದರಿಂದ ಒಬ್ಬರ ಬಾಳು ಮುರಿದರೆ ಅದರ ಹೊಣೆಯನ್ನು ಯಾರು ಹೊರಬೇಕು? ಈ ಪ್ರಶ್ನೆ ನನ್ನ ಮಟ್ಟಿಗೆ ಕೇವಲ ಪಂಡಿತರ ಚರ್ಚೆಯಲ್ಲವೆಂಬುದು ಮುಂದೆ ವಾಚಕರಿಗೆ ತಿಳಿದೀತು.

ಈ ವಿಚಾರವನ್ನು ನನ್ನಲ್ಲಿ ಮತ್ತೆ ಕೆದಕಿದವನು ನಮ್ಮ ಅಣ್ಣನ ಮೊಮ್ಮಗ. ಆತ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಯ ದಿನಗಳಲ್ಲಿ ಉಡುಪಿಯ ನಮ್ಮ ಮನೆಗೆ ಬರುತ್ತಾನೆ. ಒಂದು ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಆಡುತ್ತಿದ್ದವನನ್ನು ಅದೇನೆಂದು ಕೇಳಿದೆ. ಅಮೆರಿಕದ ಸಂಸ್ಥೆಯೊಂದು ೨೦೦೨ರಲ್ಲಿ ಹೊರತಂದ ‘ಮಾರೋವಿಂಡ್’ ಎಂಬ ಆಟವಂತೆ. ಕಲ್ಪಿತವಾದ ಒಂದು ದ್ವೀಪ. ಅಲ್ಲಿ ಹಿಂದೆ ಮಡಿದ ವೀರನೊಬ್ಬನು ಮರಳಿ ಹುಟ್ಟಿ ಬರುವನೆಂದು ಬೂದಿಯ ಬಯಲಿನಲ್ಲಿ ಅಲೆಯುವ ಬುಡಕಟ್ಟಿನವರು ಕಾಯುತ್ತಿದ್ದಾರೆ. ಅವನ ಗುರುತುಗಳನ್ನು ಹೇಳುವ ಭವಿಷ್ಯವಾಣಿಗಳು ಒಗಟಿನ ಪದ್ಯಗಳಾಗಿವೆ. ಅವುಗಳಲ್ಲಿ ಕೆಲವು ಬುಡಕಟ್ಟಿನವರಿಗೇ ಮರೆತುಹೋಗಿವೆ. ಆ ನಾಡಿನ ಧರ್ಮಪೀಠ ಅವನ್ನು ಜನರಿಂದ ಮರೆಮಾಡಿದೆ. ಭಿನ್ನಮತದ ಕೆಲವು ಅರ್ಚಕರು ಗುಟ್ಟಾಗಿ ಕಾಪಾಡಿಕೊಂಡಿದ್ದಾರೆ. ಆಟಗಾರನನ್ನು ಅಲ್ಲಿಗೆ ಕಳುಹಿದವನು ದೂರದ ಚಕ್ರವರ್ತಿ. ಗುರುತುಗಳು ಒಂದಿಷ್ಟು ಹೊಂದುತ್ತವೆಂಬುದೇ ಅದಕ್ಕೆ ಕಾರಣ. ಮುಂದೆ ಅವನು ಒಂದು ಗುಹೆಯನ್ನು ಹೊಕ್ಕಾಗ, ತಾವೇ ಆ ವೀರರೆಂದು ಹಿಂದೆ ಬಂದು ಸೋತವರೆಲ್ಲ ಅವನಿಗೆ ಎದುರಾಗುತ್ತಾರೆ. ಅವರಿಗೂ ಗುರುತುಗಳು ಹೊಂದಿದ್ದವು. ಕಾರ್ಯ ಮಾತ್ರ ಕೈಗೂಡಲಿಲ್ಲ.

ಇಷ್ಟನ್ನು ಹೇಳಿ ಹುಡುಗ ಕೇಳಿದ: “ಮುತ್ಯಾ, ಅಂವ ಮೊದಲಿಂದನ ಆ ವೀರ ಆಗಿದ್ನೋ, ಇಲ್ಲಾ ಆ ಕೆಲಸ ಮಾಡಿ ವೀರ ಆದ್ನೋ?” ಆಟದ ಮಾತೆಂದು ತಳ್ಳಿಹಾಕುವ ಪ್ರಶ್ನೆ ಇದಲ್ಲ. ನಮ್ಮ ನಾಡಿನ ಕಾಲಜ್ಞಾನ, ಕಾರಣಿಕ, ದೈವದ ನುಡಿ ಇವೆಲ್ಲವುಗಳ ಮರ್ಮವೂ ಇದರಲ್ಲಿಯೇ ಅಡಗಿದೆ.

ನಾನು ಬಯಲುಸೀಮೆಯವನಾದರೂ ಅಧ್ಯಾಪಕ ವೃತ್ತಿಯಿಂದಾಗಿ ಬಾಳಿನ ಬಹುಭಾಗವನ್ನು ತುಳುನಾಡಿನಲ್ಲಿ ಕಳೆದವನು. ಇಲ್ಲಿ ದೈವದ ಕೋಲವೆಂದರೆ ಊರಿನ ನ್ಯಾಯಸ್ಥಾನವೂ ಹೌದು. ಪಾತ್ರಿಯ ಬಾಯಿಂದ ಬರುವ ನುಡಿಯನ್ನು ಊರ ಪ್ರಮುಖರು ಎದುರು ನಿಂತು ಕೇಳುತ್ತಾರೆ, ಮರುಪ್ರಶ್ನೆ ಹಾಕುತ್ತಾರೆ, ನೆರೆದ ಜನರ ಸಮಕ್ಷಮದಲ್ಲಿ ಅದರ ಅರ್ಥ ತೀರ್ಮಾನವಾಗುತ್ತದೆ. ಕಾರ್ಕಳದ ಸುತ್ತಿನ ಊರುಗಳಲ್ಲಿ ಕಲ್ಕುಡ ಕಲ್ಲುರ್ಟಿಯರ ಕಥೆ ಮನೆಮಾತು. ೧೪೩೨ರಲ್ಲಿ ವೀರಪಾಂಡ್ಯನ ಕಾಲದಲ್ಲಿ ನಿಂತ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನೆಂದೂ, ಅಂಥ ಮೂರ್ತಿ ಇನ್ನೊಂದಾಗಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನೆಂದೂ, ಅಣ್ಣ ತಂಗಿಯರು ದೈವಗಳಾಗಿ ನ್ಯಾಯ ಕೇಳಿದರೆಂದೂ ಪಾಡ್ದನ ಹೇಳುತ್ತದೆ. ಇದು ಐತಿಹ್ಯವೇ ಸರಿ; ಆದರೆ ಇದರಲ್ಲಿ ಒಂದು ತತ್ತ್ವವಿದೆ. ಆ ದೈವದ ಮಾತಿಗೆ ಬಲ ಬಂದಿರುವುದು ನಾಳೆಯ ಸುದ್ದಿಯನ್ನು ಹೇಳುವುದರಿಂದಲ್ಲ. ನಿನ್ನೆಯ ಅನ್ಯಾಯವನ್ನು ಮರೆಯಗೊಡದಿರುವುದರಿಂದ.

ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ಪಿಲಿಕೋಲ ನಡೆಯುತ್ತದೆ. ಹುಲಿಯ ಬಣ್ಣ ತಳೆದ ಪಾತ್ರಿ ಜನರ ನಡುವೆ ನುಗ್ಗುತ್ತಾನೆ. ಜನ ದಿಕ್ಕೆಟ್ಟು ಓಡುತ್ತಾರೆ. ಅವನು ಮುಟ್ಟಿದವನು ಮುಂದಿನ ಕೋಲದೊಳಗೆ ಮಡಿಯುವನೆಂಬ ನಂಬಿಕೆ ಬಹುಕಾಲದಿಂದ ಬಂದಿದೆ. ಇಲ್ಲಿ ನುಡಿಯೇ ಇಲ್ಲ. ಒಂದು ಸ್ಪರ್ಶ ಮಾತ್ರ. ಅರ್ಥವನ್ನೆಲ್ಲ ನೋಡುವವರೇ ತುಂಬಬೇಕು. ಮುಟ್ಟಿಸಿಕೊಂಡವನ ಎರಡು ವರ್ಷಗಳನ್ನು ಊಹಿಸಿ ನೋಡಿ. ನೆರೆಯವರು ಅವನನ್ನು ಸಾಯಲಿರುವವನೆಂದು ನೋಡಿದರೆ ಅವನ ಬಾಳು ಏನಾದೀತು? ಬದಲಾಗಿ, ಸಾವು ಯಾರಿಗೂ ದೂರವಲ್ಲವೆಂದು ನೆನೆದು ಆ ಎರಡು ವರ್ಷಗಳಲ್ಲಿ ಅವನು ಸಾಲ ತೀರಿಸಿ, ಮುನಿದವರೊಡನೆ ರಾಜಿಯಾದರೆ? ಸ್ಪರ್ಶ ಒಂದೇ, ಫಲ ಎರಡು. ಭೇದವಿರುವುದು ಅರ್ಥದಲ್ಲಿ.

ಇನ್ನು ನಮ್ಮ ಕಡೆಯ ಕಾಲಜ್ಞಾನಕ್ಕೆ ಬರೋಣ. ೧೫೬೫ರ ರಕ್ಕಸತಂಗಡಿಯ ಯುದ್ಧದಿಂದ ವಿಜಯನಗರ ಹಾಳಾದ ಮೇಲೆ ಕನ್ನಡ ನಾಡಿನಲ್ಲಿ ಕಾಲಜ್ಞಾನದ ಬರವಣಿಗೆ ಹೇರಳವಾಗಿ ಬೆಳೆಯಿತು. ವೀರವಸಂತರಾಯನೆಂಬ ಅರಸನು ಬಂದು ಧರ್ಮವನ್ನು ಮತ್ತೆ ನೆಲೆಗೊಳಿಸುವನೆಂಬ ನಿರೀಕ್ಷೆ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಡೇಕಲ್ಲ ಬಸವಣ್ಣನ ಪರಂಪರೆಯವರು ತಮ್ಮ ವಚನಗಳನ್ನು ಅಮರಗನ್ನಡವೆಂಬ ಬೇರೆಯೇ ಲಿಪಿಯಲ್ಲಿ ಬರೆದಿರಿಸಿದರು. ಮನೆ ಮಠಗಳನ್ನು ಕಳೆದುಕೊಂಡ ಜನರಿಗೆ ಈ ಸಾಹಿತ್ಯ ಧೈರ್ಯ ಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಕತ್ತಲೆಯಲ್ಲಿ ಕುಳಿತವನಿಗೆ ಬೆಳಗಾಗುವುದೆಂಬ ಮಾತು ಅನ್ನದಷ್ಟೇ ಅವಶ್ಯ. ಆದರೆ ಅದೇ ನುಡಿಗಳನ್ನು ಮುಂದಿನ ತಲೆಮಾರಿನವರು ರೈಲಿಗೂ ತಂತಿಗೂ ಚುನಾವಣೆಗೂ ಹೊಂದಿಸುತ್ತ ಹೋದರು.

ವಿಜಯನಗರ ಜಿಲ್ಲೆಯ ಹೂವಿನ ಹಡಗಲಿ ತಾಲೂಕಿನ ಮೈಲಾರದ ಕಾರಣಿಕವನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ ಲಕ್ಷಾಂತರ ಜನರನ್ನು ಮೌನವಾಗಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ೨೦೨೩ರ ಕಾರಣಿಕದಲ್ಲಿ ಅಂಬಲಿ ಹಳಸಿದ ಮಾತೂ ಕಂಬಳಿ ಬೀಸಿದ ಮಾತೂ ಬಂದವು. ಅದು ವಿಧಾನಸಭೆಯ ಚುನಾವಣೆಯ ವರ್ಷ. ರೈತರು ಅದರಲ್ಲಿ ಮಳೆ ಬೆಳೆಗಳನ್ನು ಕಂಡರು. ಪಕ್ಷದವರು ಗದ್ದುಗೆಯನ್ನು ಕಂಡರು. ಗೊರವಯ್ಯ ನುಡಿದದ್ದು ಮಾತ್ರ ಒಂದೇ ವಾಕ್ಯ. ಕನ್ನಡಿ ಒಂದೇ ಇದ್ದರೂ ಎದುರು ನಿಂತವರಿಗೆ ಕಾಣುವುದು ತಮ್ಮ ತಮ್ಮ ಮುಖವೇ.

ಈಗ ನನ್ನ ಮನೆಯ ಸಂಗತಿಯನ್ನು ನಿವೇದಿಸುತ್ತೇನೆ. ೧೯೭೨–೭೩ರ ಬರಗಾಲದ ಮರುವರ್ಷ. ನಾನು ಮಠದ ಪ್ರಸಾದನಿಲಯದಲ್ಲಿದ್ದು ಬಿ.ಎ. ತರಗತಿಯಲ್ಲಿ ಕನ್ನಡವನ್ನು ಓದುತ್ತಿದ್ದೆ. ಯುಗಾದಿಗೆ ಊರಿಗೆ ಹೋದಾಗ ನಮ್ಮ ಅಕ್ಕನಿಗೆ ಉತ್ತರದ ಊರೊಂದರಿಂದ ಸಂಬಂಧ ಬಂದಿತ್ತು. ಹುಡುಗ ಸುಶೀಲ, ಅಕ್ಕನಿಗೂ ಒಪ್ಪಿಗೆಯಿತ್ತು. ತಂದೆಯವರ ಕೈಯಲ್ಲಿ ಮಾತ್ರ ಕಾಸಿರಲಿಲ್ಲ. ನಮ್ಮಲ್ಲಿ ಹಿರಿಯರ ಕಾಲದ ಕಾಲಜ್ಞಾನದ ಕೈಬರಹದ ಹೊತ್ತಗೆಯೊಂದಿತ್ತು. ಹಬ್ಬದ ಸಂಜೆ ಅದನ್ನು ಓದಿಸುವ ವಾಡಿಕೆ. ಆ ವರ್ಷದ ಓದಿನಲ್ಲಿ, ಬಡಗಣ ದಿಕ್ಕಿನಿಂದ ಬಂದವರು ಮನೆಯ ಕಂಬವನ್ನು ಅಲುಗಿಸುವರೆಂಬ ಅರ್ಥದ ಮಾತು ಬಂತು. ತಂದೆಯವರು ನನ್ನತ್ತ ತಿರುಗಿ, “ನೀ ಓದಿದಾಂವ, ಇದರ ಅರ್ಥ ಏನಂತ ಹೇಳು” ಎಂದರು.

ಅದರ ಅರ್ಥ ನನಗೆ ಗೊತ್ತಿತ್ತು. ಇಂಥ ಬರಹಗಳಲ್ಲಿ ಬಡಗಣ ದಿಕ್ಕೆಂದರೆ ವಿಜಯನಗರದ ಮೇಲೆ ಉತ್ತರದಿಂದ ಏರಿಬಂದ ದಂಡಿನ ನೆನಪೆಂದು ಅಧ್ಯಾಪಕರು ಪಾಠ ಹೇಳಿದ್ದರು. ಆದರೆ ತಂದೆಯವರ ಮುಖದಲ್ಲಿ ಅವರಿಗೆ ಬೇಕಾದ ಉತ್ತರವೂ ಕಾಣುತ್ತಿತ್ತು. ಮದುವೆಗೆ ಹಣವಿಲ್ಲವೆಂದು ಬೀಗರಿಗೆ ಹೇಳುವುದು ಅವಮಾನ. ಕಾಲಜ್ಞಾನ ಬೇಡವೆನ್ನುತ್ತದೆ ಎಂದರೆ ಮರ್ಯಾದೆ ಉಳಿಯುತ್ತದೆ. “ಬಡಗಣದ ಬೀಗತನ ಮನೆಗೆ ಆಗಿಬರೂದಿಲ್ಲಂತ ಕಾಣಸ್ತದರಿ” ಎಂದುಬಿಟ್ಟೆ. ಸಂಬಂಧ ಮುರಿಯಿತು. ಮುಂದೆ ಬಂದ ಒಂದೆರಡು ಸಂಬಂಧಗಳೂ ಕೂಡಿಬರಲಿಲ್ಲ. ಅಕ್ಕ ತೌರಿನಲ್ಲಿಯೇ ಉಳಿದಳು, ಅಣ್ಣನ ಮಕ್ಕಳನ್ನು ಬೆಳೆಸಿದಳು, ಯಾರನ್ನೂ ದೂರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಕಾಯಿಲೆಯಿಂದ ಮಲಗಿದ್ದಾಗ, ಹತ್ತಿರ ಕುಳಿತಿದ್ದ ನನ್ನನ್ನು ಒಮ್ಮೆ ಕೇಳಿದಳು: “ತಮ್ಮಾ, ಆ ಹೊತ್ತಿಗ್ಯಾಗ ನನ್ನ ಹೆಸರು ಇತ್ತೇನೊ?” ನಾನು ತಲೆ ತಗ್ಗಿಸಿದೆ. ಅವಳು ಮತ್ತೆ ಕೇಳಲಿಲ್ಲ.

ಹೊತ್ತಗೆಯನ್ನು ಬರೆದ ಪುಣ್ಯಾತ್ಮನಿಗೆ ಅಕ್ಕನ ಪರಿಚಯವಿರಲಿಲ್ಲ. ತಂದೆಯವರಿಗೆ ಅರ್ಥ ತಿಳಿದಿರಲಿಲ್ಲ. ತಿಳಿದೂ ಬೇರೆ ಹೇಳಿದವನು ನಾನೊಬ್ಬನೇ. ಅಂದಿನಿಂದ ನನಗೆ ಒಂದು ಮಾತು ಸ್ಪಷ್ಟವಾಗಿದೆ: ನುಡಿಯ ಮೂಲ ದೈವವೇ ಇರಲಿ, ಮನುಷ್ಯನೇ ಇರಲಿ, ಅರ್ಥದ ಹೊಣೆ ಅರ್ಥ ಹೇಳಿದವನದು. ನೀರು ಎಷ್ಟೇ ನಿರ್ಮಲವಾದ ಚಿಲುಮೆಯಿಂದ ಬಂದಿದ್ದರೂ ಅದನ್ನು ಹಿಡಿದು ಕೊಟ್ಟ ಪಾತ್ರೆ ನಮ್ಮದಲ್ಲವೇ? ಆದುದರಿಂದ ಇದು ಯಾರ ಶ್ರದ್ಧೆಯನ್ನೂ ಅಲ್ಲಗಳೆಯುವ ಮಾತಲ್ಲ. ಶ್ರದ್ಧೆಯುಳ್ಳವನಿಗೆ ಈ ಹೊಣೆ ಇನ್ನೂ ಹೆಚ್ಚು. ತನ್ನ ಆಸೆಯನ್ನು ದೇವರ ಬಾಯಲ್ಲಿ ಇಡುವುದಕ್ಕಿಂತ ದೊಡ್ಡ ಅಪಚಾರ ಇನ್ನಾವುದಿದೆ?

ಪರದೇಶದ ಪುರಾತನರೂ ಇದನ್ನು ಬಲ್ಲವರಾಗಿದ್ದರು. ಲಿಡಿಯ ದೇಶದ ಅರಸ ಕ್ರೀಸಸ್, ಪರ್ಷಿಯದ ಮೇಲೆ ದಂಡೆತ್ತಿ ಹೋಗಲೇ ಎಂದು ಡೆಲ್ಫಿಯ ದೇವಸ್ಥಾನವನ್ನು ಕೇಳಿಸಿದ. ಹೋದರೆ ಒಂದು ಮಹಾಸಾಮ್ರಾಜ್ಯ ಅಳಿಯುವುದೆಂಬ ಉತ್ತರ ಬಂತು. ಅವನು ಹಿಗ್ಗಿ ಹೋದ. ಅಳಿದದ್ದು ಅವನದೇ ಸಾಮ್ರಾಜ್ಯ. ಯಾವ ಸಾಮ್ರಾಜ್ಯವೆಂದು ನೀನು ಮತ್ತೊಮ್ಮೆ ಕೇಳಬೇಕಾಗಿತ್ತೆಂದು ದೇವಸ್ಥಾನದವರು ಆಮೇಲೆ ಹೇಳಿದರೆಂದು ಹೆರೊಡೋಟಸ್ ಬರೆದಿದ್ದಾನೆ. ಕ್ರಿ.ಪೂ. ೪೮೦ರಲ್ಲಿ ಪರ್ಷಿಯದ ದಂಡು ಗ್ರೀಸಿನ ಮೇಲೆ ಬಂದಾಗ ಅಥೆನ್ಸಿನವರಿಗೂ ಇಂಥದೇ ಒಗಟು ದೊರೆತಿತ್ತು: ಮರದ ಗೋಡೆ ನಿಮ್ಮನ್ನು ಕಾಯುವುದು ಎಂದು. ಅವರು ಅದನ್ನು ಸಭೆಯಲ್ಲಿಟ್ಟು ವಾದಿಸಿದರು. ಕೋಟೆಯ ಮುಳ್ಳುಬೇಲಿ ಎಂದರು ಕೆಲವರು. ಹಡಗುಗಳು ಎಂದ ಥೆಮಿಸ್ಟೋಕ್ಲಿಸ್. ಅವನ ಮಾತನ್ನು ಒಪ್ಪಿ, ತಾವೇ ಹಡಗನ್ನೇರಿ ಸಲಾಮಿಸ್ ಕಡಲಿನಲ್ಲಿ ಗೆದ್ದರು. ಒಬ್ಬನು ತನ್ನ ಲೋಭಕ್ಕೆ ಹಿತವಾದುದನ್ನು ಒಂಟಿಯಾಗಿ ಅರ್ಥಮಾಡಿಕೊಂಡ. ಇನ್ನೊಂದೆಡೆ, ಅರ್ಥದ ಭಾರವನ್ನು ಯಾರು ಹೊರಬೇಕೋ ಅವರೇ ಕುಳಿತು ಅರ್ಥವನ್ನು ನಿರ್ಣಯಿಸಿದರು. ನಮ್ಮ ಮನೆಯ ಆ ಸಂಜೆ ಅಕ್ಕ ಅಡುಗೆಮನೆಯಲ್ಲಿದ್ದಳು. ಅವಳನ್ನು ಕರೆದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ನಮ್ಮ ಶರಣರಲ್ಲಿಯೂ ಒಗಟಿನ ಮಾತುಗಳಿವೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಬಿಡಿಸುವುದಕ್ಕೆ ಹದಿನೈದನೆಯ ಶತಮಾನದ ಸುಮಾರಿನಿಂದ ಟೀಕಾಕಾರರೇ ಹುಟ್ಟಿದರು. ಆದರೆ ಬೆಡಗಿಗೂ ಭವಿಷ್ಯದ ಒಗಟಿಗೂ ಮಹದಂತರವಿದೆ. ಬೆಡಗು ನಾಳೆಯನ್ನು ಹೇಳುವುದಿಲ್ಲ. ಓದುವವನ ಒಳಗನ್ನು ಹೇಳುತ್ತದೆ. ಬೆಡಗನ್ನು ಬಿಡಿಸಿದವನು ತನ್ನನ್ನು ತಾನು ತಿದ್ದಿಕೊಳ್ಳಬೇಕಾಗುತ್ತದೆ. ಭವಿಷ್ಯದ ಒಗಟನ್ನು ಬಿಡಿಸಿದವನು ಎಷ್ಟೋ ಸಲ ಮತ್ತೊಬ್ಬನನ್ನು ತಿದ್ದಲು ಹೊರಡುತ್ತಾನೆ. ಮದುವೆಯ ಲಗ್ನ, ರಾಶಿಗಳ ವಿಷಯದಲ್ಲಿ ಬಸವಣ್ಣನವರ ನಿಲುವೂ ಇದೇ: ಗಳಿಗೆಯನ್ನು ಶುಭವಾಗಿಸುವುದು ಗ್ರಹಗತಿಯಲ್ಲ, ಕೂಡಿದವರ ಸದ್ಭಾವ. ಮಠದ ನೆರಳಿನಲ್ಲಿ ಈ ಪಾಠವನ್ನು ಕಲಿತೂ, ಹಬ್ಬದ ಒಂದು ಸಂಜೆ ನಾನು ಅದನ್ನು ಮರೆತೆ.

ಇದರಿಂದ ನನಗೆ ತೋರಿದ ಎರಡು ನಿಯಮಗಳನ್ನು ವಾಚಕರ ಮುಂದಿಡುತ್ತೇನೆ. ಒಗಟಿನ ನುಡಿಗೆ ನಾವು ಕೊಡುವ ಅರ್ಥ ನಮಗೇ ಅನುಕೂಲವಾಗಿದ್ದರೆ ಅದನ್ನು ಮೊದಲು ಶಂಕಿಸಬೇಕು. ಆ ಅರ್ಥದಿಂದ ನೋಯುವವರು ಯಾರೋ ಅವರ ಮಾತನ್ನು ಕೇಳದೆ ಅದನ್ನು ಬಾಯಿಂದ ಹೊರಡಿಸಬಾರದು. ಈ ಎರಡನ್ನು ದಾಟಿ ಉಳಿದ ಅರ್ಥವು ಪ್ರಾಯಶಃ ಭವಿಷ್ಯವಾಗಿ ಉಳಿಯುವುದೇ ಇಲ್ಲ, ಕರ್ತವ್ಯವಾಗಿ ಮಾರ್ಪಡುತ್ತದೆ.

ಕಾಪುವಿನ ಕಡಲತಡಿಯ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಕಳೆದ ರಜೆಯಲ್ಲಿ ಹುಡುಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಸಂಜೆ ದೀಪ ಹತ್ತಿತು. ನಾವೆ ಯಾವ ಬಂದರನ್ನು ಸೇರುವುದೆಂದು ಆ ದೀಪ ಹೇಳುವುದಿಲ್ಲ; ಇಲ್ಲಿ ಬಂಡೆಯಿದೆ, ನೋಡಿ ನಡೆಸು ಎಂದಷ್ಟೇ ಹೇಳುತ್ತದೆ. ಚುಕ್ಕಾಣಿ ನಾವಿಕನ ಕೈಯಲ್ಲಿಯೇ ಇರುತ್ತದೆ. ಅಲ್ಲಿ ಕುಳಿತು ಅವನಿಗೆ ಅಕ್ಕನ ಕಥೆಯನ್ನು ಮೊದಲ ಬಾರಿಗೆ ಹೇಳಿದೆ. ಅವನ ತಂದೆಯನ್ನು ಎತ್ತಿ ಆಡಿಸಿದವಳು ಅವಳೇ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಮುತ್ಯಾ, ಆ ಆಟದಾಂವ ಕೆಲಸ ಮಾಡಿನ ವೀರ ಆದಂಗಾತು” ಎಂದ. ಹೌದೆಂದೆ. ಹೇಳಿದ ಅರ್ಥಕ್ಕೆ ಹೊಣೆಯಾಗಿ ನಿಲ್ಲಬೇಕೆಂದೂ ಹೇಳಿದೆ. ಆ ಸಂಜೆ ಅಂಗಳದಲ್ಲಿ ನಾನು ಹೇಳದೆ ಉಳಿಸಿಕೊಂಡ ಮಾತನ್ನು ಈಗ ಇಲ್ಲಿ ಬರೆದಿದ್ದೇನೆ. ಅಕ್ಕನಿಗೆ ಇದು ಕೇಳಿಸದು. ಕೇಳಬೇಕಾದ ಇನ್ನಾರದೋ ಮನೆಗಾದರೂ ಮುಟ್ಟಲಿ.